ಕ್ರೋಶಾ, ಉಣ್ಣೆ ಮತ್ತು ಆರೋಗ್ಯ

ಮುಂಬಯಿಯಲ್ಲಿ ಚಳಿಗಾಲವೆಂಬುದು ಪಂಚಾಂಗದಲ್ಲಿ ಮಾತ್ರ ಉಂಟೆಂದು ಕೊಲಾಬಾದ ನಿವಾಸಿಗಳು ಹೇಳಬಹುದು. ಮುಲುಂಡಿನವರು ಹಾಗೆ ಹೇಳಲಾರರು. ಪಶ್ಚಿಮಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು, ಪೂರ್ವಕ್ಕೆ ಮಿಠಾಗರ ರಸ್ತೆಯಾಚೆ ಉಪ್ಪಿನ ಆಗರಗಳು ಮತ್ತು ಠಾಣೆಯ ಖಾಡಿ. ಇವೆರಡರ ನಡುವೆ ಹಬ್ಬಿರುವ ಈ ಉಪನಗರದಲ್ಲಿ ಡಿಸೆಂಬರ್-ಜನವರಿಯ ಮುಂಜಾವು ಕಡಲಂಚಿನ ಬಡಾವಣೆಗಳಿಗಿಂತ ತುಸು ಹೆಚ್ಚು ತಂಪಾಗಿರುತ್ತದೆ. 1962ರ ಜನವರಿ 22ರಂದು ಮುಂಬಯಿಯ ಉಷ್ಣತೆ 7.4 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದು ದಾಖಲೆಯಲ್ಲಿದೆ. ಅಂಥ ದಿನಗಳು ಅಪರೂಪ. ಬೆಚ್ಚನೆಯ ಉಡುಪು ನಿಜವಾಗಿ ಬೇಕೆನಿಸುವುದು ವರ್ಷದಲ್ಲಿ ಕೆಲವೇ ವಾರಗಳು.

ಆದರೂ ಇಲ್ಲಿನ ಕನ್ನಡ ಮನೆಗಳಲ್ಲಿ ಹೆಣಿಗೆಯ ಕಡ್ಡಿಗಳು ಚಳಿಗಾಲಕ್ಕಾಗಿ ಕಾದು ಕುಳಿತಿರುವುದಿಲ್ಲ. ಮಗಳ ಬಾಣಂತನಕ್ಕೆಂದು ಧಾರವಾಡಕ್ಕೆ ಕೊಂಡೊಯ್ಯಬೇಕಾದ ಕುಂಚಿಗೆ, ಚಿಕ್ಕಮಗಳೂರಿನ ತೋಟದ ಮನೆಯಲ್ಲಿರುವ ಅತ್ತೆಯವರಿಗೆ ಶಾಲು, ನ್ಯೂಜೆರ್ಸಿಯ ಮೊಮ್ಮಗನಿಗೆ ಸ್ವೆಟರು, ಇವೆಲ್ಲ ಬೆವರು ಸುರಿಯುವ ಮೇ ತಿಂಗಳಿನಲ್ಲಿಯೂ ಸಿದ್ಧವಾಗುತ್ತಿರುತ್ತವೆ. ಹೆಣೆಯುವ ಊರು ಒಂದು, ತೊಡುವ ಊರು ಇನ್ನೊಂದು. ವಲಸೆ ಬಂದ ಕುಟುಂಬಗಳ ಈ ವಿಶೇಷ ಸ್ಥಿತಿಯಿಂದಲೇ ನೂಲಿನ ಆಯ್ಕೆಯಲ್ಲಿ ಎಡವಟ್ಟುಗಳು ಸಂಭವಿಸುತ್ತವೆ. ಪಾಂಚ್ ರಸ್ತಾದ ಅಂಗಡಿಯಲ್ಲಿ ಲಡಿಯ ಬಣ್ಣಕ್ಕೆ ಮನಸೋಲುವ ಮೊದಲು ತೊಡುವವರು ಯಾರು, ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಮೇಲು. ಬಣ್ಣದ ವಿಚಾರ ಆಮೇಲಿನದು.

ಕ್ರೋಶೆ ಎಂಬುದು ಫ್ರೆಂಚ್ ಶಬ್ದ. ಪುಟ್ಟ ಕೊಕ್ಕೆ ಎಂದು ಅದರ ಅರ್ಥ. 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ಜನಪ್ರಿಯವಾದ ಈ ಕಲೆ ಮಿಷನರಿಗಳ ಬಾಲಿಕಾ ಶಾಲೆಗಳ ಮೂಲಕ ಭಾರತದ ಮನೆಗಳನ್ನು ಹೊಕ್ಕಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ನಡೆಸಿದ ಹೆಣ್ಣುಮಕ್ಕಳ ಶಾಲೆಗಳಲ್ಲಿಯೂ ಓದುಬರಹದೊಡನೆ ಸೂಜಿಯ ಕೆಲಸ ಇತ್ತು. ಎರಡು ಕಡ್ಡಿಗಳ ಹೆಣಿಗೆ ಮೈಗೆ ತಕ್ಕಂತೆ ಹಿಗ್ಗುತ್ತದೆ. ಒಂದೇ ಕೊಕ್ಕೆಯ ಕ್ರೋಶಾ ಅಷ್ಟು ಹಿಗ್ಗದು, ದಪ್ಪವಾಗಿರುತ್ತದೆ, ಅದೇ ಅಳತೆಯ ಬಟ್ಟೆಗೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ನೂಲನ್ನು ಬೇಡುತ್ತದೆ. ಆದಕಾರಣ ಸ್ವೆಟರಿಗೆ ಕಡ್ಡಿಯ ಹೆಣಿಗೆಯೂ ತೋರಣ, ಚೀಲ, ಮೇಜುವಸ್ತ್ರಗಳಿಗೆ ಕ್ರೋಶಾವೂ ಒಪ್ಪುತ್ತವೆ. ಹೆಣಿಗೆಗೆ ಯಂತ್ರಗಳು ಬಂದು ಎಷ್ಟೋ ಕಾಲವಾಯಿತು. ನಿಜವಾದ ಕ್ರೋಶಾವನ್ನು ಮಾತ್ರ ಇಂದಿಗೂ ಕೈಯೇ ಮಾಡಬೇಕು.

ಮುಂಬಯಿಯ ಕನ್ನಡ ಗೃಹಿಣಿಯರಲ್ಲಿ ಅನೇಕರಿಗೆ ಇದರ ಪರಿಭಾಷೆ ಬಂದಿರುವುದು ಮರಾಠಿ ನೆರೆಮನೆಯಿಂದ. ಸಾಖಳಿ, ಮುಕಾ ಖಾಂಬ್, ಖಾಂಬ್ ಎಂಬ ಮಾತುಗಳನ್ನು ಸರಪಳಿ, ಗಿಡ್ಡ ಕಂಬ, ಕಂಬ ಎಂದು ಕನ್ನಡಿಸಿಕೊಂಡರೆ ಕಷ್ಟವೇನಿಲ್ಲ. ಇಂಗ್ಲಿಷ್ ಪುಸ್ತಕ ನೋಡಿ ಮಾಡುವವರು ಮಾತ್ರ ಒಂದು ತೊಡಕನ್ನು ಗಮನಿಸಬೇಕು: ಬ್ರಿಟಿಷ್ ಪುಸ್ತಕದ ‘ಡಬಲ್ ಕ್ರೋಶೆ’ಯೇ ಅಮೆರಿಕದ ಪುಸ್ತಕದಲ್ಲಿ ‘ಸಿಂಗಲ್ ಕ್ರೋಶೆ’. ಪುಸ್ತಕ ಯಾವ ದೇಶದ್ದೆಂದು ನೋಡದೆ ಆರಂಭಿಸಿದರೆ ಮಗುವಿನ ಟೊಪ್ಪಿ ಅಜ್ಜನಿಗೆ ಆಗುವ ಅಳತೆಯಲ್ಲಿ ಮುಗಿಯುತ್ತದೆ.

ನೂಲುಗಳ ಗುಣ

ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ಎಳೆಗಳ ಸುರುಳಿಯಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡು ಮೈಯ ಬಿಸಿಯನ್ನು ಕಾಪಾಡುತ್ತದೆ. ಬೆಂಕಿ ಇದಕ್ಕೆ ಸುಲಭವಾಗಿ ಹತ್ತದು. ಆದರೆ ಎಳೆಯ ದಪ್ಪ 30 ಮೈಕ್ರಾನ್ ಸಮೀಪಿಸಿದರೆ ತುದಿಗಳು ಚರ್ಮಕ್ಕೆ ಚುಚ್ಚುತ್ತವೆ. ಅನೇಕರು ಇದನ್ನು ಅಲರ್ಜಿಯೆಂದು ತಿಳಿಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ಕೇವಲ ಒರಟು ಎಳೆಯ ಚುಚ್ಚು. ಚಿತ್ರದುರ್ಗದ ಕಡೆಯ ಕುರಿಯ ಉಣ್ಣೆ ಒರಟಾದುದರಿಂದಲೇ ಬಾಳಿಕೆಯ ಕಂಬಳಿಗೆ ಹೇಳಿಮಾಡಿಸಿದಂತಿದೆ, ಕೂಸಿನ ಕುಲಾವಿಗೆ ಅದು ಸಲ್ಲದು. ಕೂಸಿಗೆ ಉಣ್ಣೆಯೇ ಬೇಕೆಂದಾದರೆ ನಯವಾದ ಮೆರಿನೋ ಜಾತಿಯದನ್ನು, ಅದನ್ನೂ ಒಳಗೊಂದು ಹತ್ತಿಯ ಅಂಗಿ ತೊಡಿಸಿ ಬಳಸಬೇಕು.

ಹತ್ತಿ ನೂಲು ಬೆವರನ್ನು ಹೀರುತ್ತದೆ, ಬಿಸಿನೀರಿನ ತೊಳೆತವನ್ನು ತಡೆಯುತ್ತದೆ, ಕೂಸಿನ ಚರ್ಮಕ್ಕೆ ಹಿತ. ಒದ್ದೆಯಾದರೆ ಭಾರವಾಗುತ್ತದೆ, ನಿಧಾನವಾಗಿ ಒಣಗುತ್ತದೆ. ಅಂಗಡಿಗಳಲ್ಲಿ ‘ಉಲ್ಲನ್’ ಎಂಬ ಹೆಸರಿನಿಂದ ಮಾರುವ ಲಡಿಗಳಲ್ಲಿ ಬಹಳಷ್ಟು ವಾಸ್ತವವಾಗಿ ಆಕ್ರಿಲಿಕ್. ಅದು ಹಗುರ, ಅಗ್ಗ, ಬಣ್ಣ ಮಾಸದು, ನುಸಿ ಹಿಡಿಯದು. ಆದರೆ ತೇವವನ್ನು ಬಹುತೇಕ ಹೀರುವುದಿಲ್ಲವಾದ್ದರಿಂದ ಬೆವರು ಮೈಯ ಮೇಲೆಯೇ ಉಳಿಯುತ್ತದೆ. ಬೆಂಕಿ ತಗಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದು ಇದರ ದೊಡ್ಡ ದೋಷ. ಆಕ್ರಿಲಿಕ್ ಶಾಲು ಹೊದ್ದು ಒಲೆಯ ಮುಂದೆ ನಿಲ್ಲಕೂಡದು. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯನ್ನು ಕ್ರೋಶಾದಲ್ಲಿ ಹೆಣೆಯುವುದಾದರೆ ಹತ್ತಿಯಲ್ಲೇ ಹೆಣೆಯಬೇಕು.

ಲಡಿಯ ಮೇಲಿನ ಚೀಟಿಯನ್ನು ನಂಬಲಾಗದಿದ್ದರೆ ಒಂದು ಸುಲಭ ಪರೀಕ್ಷೆಯುಂಟು. ಎರಡಂಗುಲದ ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಬೆಂಕಿ ಸೋಕಿಸಬೇಕು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದು ನಯವಾದ ಬೂದಿ ಉಳಿದರೆ ಹತ್ತಿ. ಕರಗಿ ಗಟ್ಟಿಯಾದ ಕಪ್ಪು ಮಣಿಯಾದರೆ ಆಕ್ರಿಲಿಕ್.

ಮಳೆಗಾಲದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಲುಂಡಿನಲ್ಲಿ ಉಣ್ಣೆಯ ಕೆಲಸ ಹಿಡಿಯದಿರುವುದೇ ಲೇಸು. ತೇವದ ಕೈಯಲ್ಲಿ ನೂಲು ಅಂಟುತ್ತದೆ, ಅರ್ಧ ಮುಗಿದ ಸ್ವೆಟರು ಚೀಲದಲ್ಲಿ ಬೂಸಲು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ಹತ್ತಿಯ ಕ್ರೋಶಾ, ದೀಪಾವಳಿ ಕಳೆದ ಮೇಲೆ ಉಣ್ಣೆ ಎಂಬ ಕ್ರಮ ಅನುಕೂಲ. ಮುಂಬಯಿಯ ನಿವಾಸಿಗಳಿಗೆ ಈಗ ಇನ್ನೊಂದು ಋತುವೂ ಸೇರಿದೆ: ಹವಾನಿಯಂತ್ರಣದ ಋತು. ಕಚೇರಿಯಲ್ಲಿ ಎಂಟು ಗಂಟೆ ಕುಳಿತು ಕುತ್ತಿಗೆ, ಭುಜ ಹಿಡಿದುಕೊಳ್ಳುವ ಮಹಿಳೆಯರಿಗೆ ಹತ್ತಿಯಲ್ಲಿ ಹೆಣೆದ ತೆಳುವಾದ ಹೆಗಲವಸ್ತ್ರ ಉಪಯುಕ್ತ. ಮಡಚಿದರೆ ಕೈಚೀಲದಲ್ಲಿ ಹಿಡಿಯುತ್ತದೆ. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೊರಟವರಿಗೆ ಉಡುಪಿಯಲ್ಲಿ ಸ್ವೆಟರು ಬೇಡವಾದರೂ ರಾತ್ರಿಯ ಹವಾನಿಯಂತ್ರಿತ ಡಬ್ಬಿಯಲ್ಲಿ ಅಂಥದೊಂದು ಬೇಕಾಗುತ್ತದೆ.

ಕಡ್ಡಿಗಳ ಸಂಖ್ಯೆಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಉಳಿದಿರುವ ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತದೆ. 8ನೆಯ ಸಂಖ್ಯೆಯದು 4 ಮಿಲಿಮೀಟರ್, 10ನೆಯದು 3.25 ಮಿಲಿಮೀಟರ್. ಅದೇ ನೂಲನ್ನು ದಪ್ಪ ಕಡ್ಡಿಯಲ್ಲಿ ಹೆಣೆದರೆ ಗಾಳಿಯಾಡುವ ಸಡಿಲ ವಸ್ತ್ರ, ತೆಳುವಾದುದರಲ್ಲಿ ಹೆಣೆದರೆ ಗಾಳಿ ತಡೆಯುವ ಬಿಗಿ ವಸ್ತ್ರ ದೊರೆಯುತ್ತದೆ.

ಪುಟ್ಟ ಹೃದಯ

ಉಳಿದ ನೂಲಿನ ತುಣುಕುಗಳಿಗೆ ಅತ್ಯಂತ ಯೋಗ್ಯವಾದ ಕೆಲಸವೆಂದರೆ ಹೃದಯಾಕಾರದ ಅಲಂಕಾರಗಳು. ಬೀಗದ ಕೈಯ ಗೊಂಚಲು, ಜಡೆಯ ಕ್ಲಿಪ್ಪು, ಚೀಲದ ತೂಗು, ಬಾಗಿಲ ತೋರಣ, ಹೀಗೆ ಬಳಕೆಗೆ ಮಿತಿಯಿಲ್ಲ. ನಾಲ್ಕೆಳೆಯ ನೂಲು ಮತ್ತು ಸುಮಾರು 3.5 ಮಿಲಿಮೀಟರ್ ಕೊಕ್ಕೆಯಿದ್ದರೆ ಒಂದು ಹೃದಯಕ್ಕೆ ಐದಾರು ನಿಮಿಷ ಸಾಕು. ನೂಲನ್ನು ಕೊಕ್ಕೆಗೆ ಒಮ್ಮೆ ಸುತ್ತಿ ಹಾಕುವುದು ಕಂಬ, ಎರಡು ಬಾರಿ ಸುತ್ತಿದರೆ ಉದ್ದ ಕಂಬ. ಬೆರಳಿಗೆ ನೂಲು ಸುತ್ತಿ ಜಗ್ಗಿದರೆ ಬಿಗಿಯುವಂಥ ಉಂಗುರವೊಂದನ್ನು ಮಾಡಿಕೊಳ್ಳಬೇಕು. ಅಲ್ಲಿಂದ ಮೂರು ಸರಪಳಿ ಏರಿ, ಉಂಗುರದೊಳಗೆ ಮೂರು ಉದ್ದ ಕಂಬ, ಮೂರು ಕಂಬ, ಒಂದು ಸರಪಳಿ, ಒಂದು ಉದ್ದ ಕಂಬ, ಮತ್ತೆ ಒಂದು ಸರಪಳಿ, ಮೂರು ಕಂಬ, ಮೂರು ಉದ್ದ ಕಂಬ ಹಾಕಿ, ಮೂರು ಸರಪಳಿಯೊಡನೆ ಇಳಿದು ಉಂಗುರಕ್ಕೇ ಜೋಡಿಸಬೇಕು. ಈಗ ನೂಲಿನ ತುದಿ ಜಗ್ಗಿದೊಡನೆ ಹೃದಯ ಮೂಡುತ್ತದೆ. ನಡುವಣ ಒಂಟಿ ಉದ್ದ ಕಂಬವೇ ಕೆಳಗಿನ ಮೊನೆ.

ಹೃದಯವೆಂಬುದು ಮುಲುಂಡಿನಲ್ಲಿ ಅಲಂಕಾರದ ಆಕೃತಿ ಮಾತ್ರವಲ್ಲ. 1968ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅವರು ಭಾರತದ ಮೊದಲ ಹೃದಯ ಕಸಿಯನ್ನು ನಡೆಸಿದರು, ರೋಗಿ ಉಳಿಯಲಿಲ್ಲ. ಆ ಬಳಿಕ ಮುಂಬಯಿಯಲ್ಲಿ ಹೃದಯ ಕಸಿ ಯಶಸ್ವಿಯಾದದ್ದು 2015ರ ಆಗಸ್ಟಿನಲ್ಲಿ, ಮುಲುಂಡಿನ ಫೋರ್ಟಿಸ್ ಆಸ್ಪತ್ರೆಯಲ್ಲಿ. ಕಸಿಯಿರಲಿ, ಬೈಪಾಸ್ ಇರಲಿ, ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಸೀಳಿ ತಂತಿಯಿಂದ ಜೋಡಿಸಿರುತ್ತಾರೆ. ಅದು ಕೂಡಿಕೊಳ್ಳಲು ಆರರಿಂದ ಎಂಟು ವಾರಗಳು ಬೇಕು. ಆ ಅವಧಿಯಲ್ಲಿ ರೋಗಿಗೆ ಕೆಮ್ಮಿದರೆ, ಸೀನಿದರೆ ಎದೆ ಬಿರಿದಂತಾಗುತ್ತದೆ. ಹೆದರಿ ಕೆಮ್ಮದಿದ್ದರೆ ಕಫ ಶ್ವಾಸಕೋಶದಲ್ಲಿ ಕಟ್ಟಿ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆದಕಾರಣ ಪುಟ್ಟ ದಿಂಬೊಂದನ್ನು ಎದೆಗೆ ಅವುಚಿಕೊಂಡು ಕೆಮ್ಮುವಂತೆ ವೈದ್ಯರು ತಿಳಿಸುತ್ತಾರೆ. ಹೃದಯಾಕಾರದ ದಿಂಬುಗಳನ್ನು ಇದಕ್ಕೆಂದೇ ನೀಡುವ ರೂಢಿ ಅನೇಕ ದೇಶಗಳಲ್ಲಿದೆ. ಕೈಹೆಣಿಗೆಯ ಹೃದಯಕ್ಕೆ ಇದಕ್ಕಿಂತ ಸಾರ್ಥಕವಾದ ಉಪಯೋಗವನ್ನು ಕಲ್ಪಿಸುವುದು ಕಷ್ಟ. ಗವಸು ಹತ್ತಿಯದಾಗಿರಬೇಕು, ಬಿಚ್ಚಿ ತೊಳೆಯುವಂತಿರಬೇಕು. ಎದೆಗೆ ತಾಗುವ ಬದಿಯಲ್ಲಿ ಗುಂಡಿ, ಮಣಿ ಕೂಡದು. ಉಣ್ಣೆಯ ರೋಮ ಗಾಯದ ಬಳಿ ಬೇಡವೇ ಬೇಡ.

ಹೆಣೆಯುವವರ ಆರೋಗ್ಯಕ್ಕೂ ಈ ಕೆಲಸ ಒಳ್ಳೆಯದೆ? ಆಸ್ಟ್ರೇಲಿಯದ ವೊಲೊಂಗಾಂಗ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದ್ದರು. ಕ್ರೋಶಾದಿಂದ ಮನಸ್ಸು ಶಾಂತವಾಗುತ್ತದೆಂದು ಅವರಲ್ಲಿ ಹೆಚ್ಚಿನವರು ತಿಳಿಸಿದರು. ಉತ್ತರಿಸಿದವರೆಲ್ಲ ಮೊದಲೇ ಕ್ರೋಶಾ ಪ್ರಿಯರು ಎಂಬುದನ್ನು ಮರೆಯದಿದ್ದರೆ ಈ ಮಾತನ್ನು ಒಪ್ಪಬಹುದು. ಕೈಗಳ ವಿಚಾರ ಬೇರೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಬೆರಳು, ಮಣಿಕಟ್ಟುಗಳನ್ನು ಚಾಚಿ ಸಡಿಲಿಸಬೇಕು. ರಾತ್ರಿ ಬೆರಳು ಜುಮ್ಮೆಂದರೆ, ಮಡಚಿದ ಬೆರಳು ಸಿಕ್ಕಿಕೊಂಡರೆ ವೈದ್ಯರಿಗೆ ತೋರಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಈ ತೊಂದರೆಗಳು ಹೆಚ್ಚು.

ಕೂಸಿನ ಉಡುಪು: ಕೆಲವು ಎಚ್ಚರಿಕೆಗಳು

ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿಕೊಳ್ಳುವ ಕಾಂಗರೂ ಆರೈಕೆಯಲ್ಲಿ ಟೊಪ್ಪಿ, ಕಾಲುಚೀಲಗಳು ಅವಶ್ಯ. ಆದರೆ ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿಗೆ ಮುಂಬಯಿಯ ಮನೆಯೊಳಗೆ ಮಲಗಿರುವಾಗ ಕುಂಚಿಗೆ ಬೇಕಿಲ್ಲ. ಅದು ಹೆಚ್ಚಿನ ಬಿಸಿಯನ್ನು ತಲೆಯ ಮೂಲಕವೇ ಹೊರಹಾಕುತ್ತದೆ. ಅದನ್ನು ಮುಚ್ಚಿದರೆ ಮೈ ಕಾಯುತ್ತದೆ, ಬೆವರುಸಾಲೆ ಏಳುತ್ತದೆ. ಮಲಗಿದ ಕೂಸಿಗೆ ಮನೆಯೊಳಗೆ ಟೊಪ್ಪಿ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೂ 2022ರಲ್ಲಿ ಸಲಹೆ ಮಾಡಿದೆ. ಅಜ್ಜಿಯಂದಿರು ಇದನ್ನು ಒಪ್ಪಲಿಕ್ಕಿಲ್ಲ. ಕೂಸಿನ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ನೋಡಿ ಅವರೇ ತೀರ್ಮಾನಿಸಲಿ. ಅಲ್ಲಿ ಬೆವರಿದ್ದರೆ ಉಡುಪು ಹೆಚ್ಚಾಯಿತು.

ಕೈಚೀಲ, ಕಾಲುಚೀಲಗಳ ಒಳಬದಿಯಲ್ಲಿ ಬಿಡಿ ಎಳೆ ಉಳಿದರೆ ಅದು ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನು ತಡೆಯಬಲ್ಲದು. ಕಾರಣ ತಿಳಿಯದೆ ಕೂಸು ಒಂದೇ ಸಮನೆ ಅಳುತ್ತಿದ್ದರೆ ಬೆರಳುಗಳನ್ನು ನೋಡಬೇಕು. ಪ್ರತಿ ಬಾರಿ ತೊಡಿಸುವ ಮುನ್ನ ಒಳಮೈ ಹೊರಗೆ ಮಾಡಿ ಪರೀಕ್ಷಿಸುವುದು ಅವಶ್ಯ. ಮೂರು ವರ್ಷದೊಳಗಿನ ಮಕ್ಕಳ ಉಡುಪಿಗೆ ಗುಂಡಿ, ಮಣಿಯ ಹೃದಯಗಳನ್ನು ಹೊಲಿಯಬಾರದು. ಕುತ್ತಿಗೆಗೆ ಉದ್ದದ ದಾರ ಬಿಡಬಾರದು.

ಎಲ್ಲಕ್ಕಿಂತ ಗಂಭೀರವಾದ ಅಪಾಯವಿರುವುದು ಟ್ರಂಕಿನಲ್ಲಿ. ಹಿರಿಯ ಮಗುವಿಗೆಂದು ಹೆಣೆದ ಸ್ವೆಟರನ್ನು ನುಸಿಗುಳಿಗೆ ಹಾಕಿ ಎತ್ತಿಟ್ಟು, ಮುಂದಿನ ಬಾಣಂತನದಲ್ಲಿ ಹೊರತೆಗೆದು ನೇರವಾಗಿ ಕೂಸಿಗೆ ತೊಡಿಸುವ ರೂಢಿ ಅನೇಕ ಮನೆಗಳಲ್ಲಿದೆ. ಮರಾಠಿಯಲ್ಲಿ ಡಾಂಬರ್ ಗೋಳಿ ಎಂದು ಕರೆಯುವ ಈ ಗುಳಿಗೆ ಬಹುಮಟ್ಟಿಗೆ ನ್ಯಾಫ್ತಲೀನ್. ಕೆಂಪು ರಕ್ತಕಣಗಳನ್ನು ರಕ್ಷಿಸುವ ಜಿ6ಪಿಡಿ ಎಂಬ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ಇದು ತಾಯಿಯಿಂದ ಬರುವ ಕೊರತೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸುತ್ತದೆ. ಭಾರತದ ಕೆಲವು ಸಮುದಾಯಗಳಲ್ಲಿ ಇದರ ಪ್ರಮಾಣ ಗಣನೀಯ. ಅಂಥ ಶಿಶು ನ್ಯಾಫ್ತಲೀನಿನ ಆವಿಯನ್ನು ಉಸಿರಾಡಿದರೆ, ಅಥವಾ ಅದು ಚರ್ಮದ ಮೂಲಕ ಒಳಹೊಕ್ಕರೆ ರಕ್ತಕಣಗಳು ಒಡೆಯತೊಡಗುತ್ತವೆ. ಕೂಸು ಬಿಳಿಚಿಕೊಳ್ಳುತ್ತದೆ, ಕಾಮಾಲೆ ಏರುತ್ತದೆ. ಅದು ಮಿತಿಮೀರಿದರೆ ಮೆದುಳಿಗೆ ಶಾಶ್ವತ ಹಾನಿ. ನ್ಯಾಫ್ತಲೀನ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ ಹಚ್ಚಿದ ಚರ್ಮ ಅದನ್ನು ಇನ್ನೂ ಬೇಗ ಹೀರುತ್ತದೆ. ಎಣ್ಣೆನೀರು ಎರೆದು, ಟ್ರಂಕಿನ ಸ್ವೆಟರು ತೊಡಿಸಿ, ಶಾಲು ಸುತ್ತಿ ಮಲಗಿಸುವ ಪ್ರೀತಿಯ ಕ್ರಮದಲ್ಲಿಯೇ ಈ ಅಪಾಯ ಅಡಗಿದೆ. ಕೊರತೆಯಿದೆಯೋ ಇಲ್ಲವೋ ಎಂಬುದು ರಕ್ತಪರೀಕ್ಷೆಯ ಹೊರತು ತಿಳಿಯದಾದ್ದರಿಂದ ಎಲ್ಲ ಶಿಶುಗಳ ವಿಷಯದಲ್ಲಿಯೂ ಒಂದೇ ನಿಯಮ ಪಾಲಿಸುವುದು ಕ್ಷೇಮ: ಕೂಸಿನ ಬಟ್ಟೆಯಿರುವ ಕಡೆ ನುಸಿಗುಳಿಗೆ ಇಡಕೂಡದು. ಕಣ್ಣು, ಮೈ ಹಳದಿಯಾಗಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಯ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಗುಳಿಗೆಯಿಲ್ಲದೆಯೂ ಉಣ್ಣೆಯನ್ನು ಕಾಪಾಡಬಹುದು. ಬಟ್ಟೆಯನ್ನು ತಿನ್ನುವುದು ನುಸಿಯ ಮರಿಹುಳು. ಬೆವರು, ಹಾಲು, ಎಣ್ಣೆಯ ಕಲೆಯಿರುವ ಉಣ್ಣೆಯೆಂದರೆ ಅದಕ್ಕೆ ಹೆಚ್ಚು ಪ್ರೀತಿ. ಹೋಳಿಯ ಹೊತ್ತಿಗೆ ಸ್ವೆಟರುಗಳನ್ನು ತಣ್ಣೀರಿನಲ್ಲಿ ಮೃದು ಸಾಬೂನಿನಿಂದ ತೊಳೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಮಟ್ಟಸವಾಗಿ ಹರಡಿ ಒಣಗಿಸಬೇಕು. ಮಳೆ ಬರುವ ಮುನ್ನ ಏಪ್ರಿಲ್‌ನ ಒಂದೆರಡು ದಿನ ಗಚ್ಚಿಯ ಬಿಸಿಲಿನಲ್ಲಿ ಕೊಡವಿ, ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಡಬೇಕು. ಬೇವಿನ ಎಲೆಯನ್ನು ಹಾಕುವವರು ಹಾಕಲಿ, ಅದೊಂದನ್ನೇ ನಂಬುವುದು ಸರಿಯಲ್ಲ. ಹುಳದ ಶಂಕೆಯಿದ್ದರೆ ಚೀಲವನ್ನು ಫ್ರಿಜ್ಜಿನ ಹಿಮದ ಅರೆಯಲ್ಲಿ ಒಂದು ವಾರ ಇಡಬಹುದು. ಹಿಂದೆಯೇ ಗುಳಿಗೆ ಹಾಕಿಟ್ಟ ಬಟ್ಟೆಗಳನ್ನು ಹಲವು ಬಾರಿ ತೊಳೆದು ದಿನಗಟ್ಟಲೆ ಗಾಳಿಗೆ ಹರವಿದ ಮೇಲೆ ದೊಡ್ಡವರು ಬಳಸಿಕೊಳ್ಳಲಿ. ಕೂಸಿಗೆ ಹತ್ತಿಯ ಹೊಸದೊಂದನ್ನು ಹೆಣೆಯಲು ನಾಲ್ಕು ಸಂಜೆಗಳು ಸಾಕು.