ನಮ್ಮ ಅರ್ಕಾವತಿ

ಭೂಗೋಳದ ತರಗತಿಯಲ್ಲಿ ಒಂದು ದಿನ ಅಧ್ಯಾಪಕರು ಬ್ರಹ್ಮಪುತ್ರೆಯ ವಿಷಯ ಹೇಳುತ್ತಿದ್ದರು. ಅದು ಅಸ್ಸಾಮಿನ ಬಯಲಿನಲ್ಲಿ ಮರಳುದಿಣ್ಣೆಗಳ ನಡುವೆ ಹಲವು ಕವಲಾಗಿ ಒಡೆದು, ಮತ್ತೆ ಕೂಡಿ, ಹೆಣೆದ ಜಡೆಯಂತೆ ಹರಿಯುತ್ತದೆಂದು ವಿವರಿಸಿ, “ನಿಮ್ಮೂರಿನ ನದಿ ಯಾವುದಪ್ಪ?” ಎಂದು ನನ್ನನ್ನು ಕೇಳಿದರು. ದೊಡ್ಡಬಳ್ಳಾಪುರ ತಾಲ್ಲೂಕಿನವನಾದ ನಾನು, “ನಮ್ಮೂರಿಗೆ ನದಿಯಿಲ್ಲ ಸಾರ್” ಎಂದುಬಿಟ್ಟೆ. ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ತಾತ ನೊಂದುಕೊಂಡರು. ಅವರು ಊರ ಕೆರೆಯ ನೀರುಗಂಟಿಯಾಗಿದ್ದವರು. “ನಮ್ಮ ಕೆರೆ ಕೋಡಿ ಬಿದ್ದರೆ ಅದೇ ಅರ್ಕಾವತಿ ಕಣೋ” ಎಂದರು. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

೧೪೭೮ ಮೀಟರ್ ಎತ್ತರದ ನಂದಿಬೆಟ್ಟ ಮತ್ತು ಅದರ ಸುತ್ತಣ ಗುಡ್ಡಗಳು ನಮ್ಮ ಸೀಮೆಯ ನೀರನ್ನು ಹಂಚುವ ನೆತ್ತಿ. ಉತ್ತರ ಪಿನಾಕಿನಿ ಆಂಧ್ರದ ಕಡೆಗೆ ಇಳಿಯುತ್ತದೆ. ದಕ್ಷಿಣ ಪಿನಾಕಿನಿ ದೇವನಹಳ್ಳಿ, ಹೊಸಕೋಟೆಗಳ ಸೀಮೆಯನ್ನು ಹಾದು ತಮಿಳುನಾಡನ್ನು ಸೇರಿ, ಕಡಲೂರಿನ ಬಳಿ ಸಮುದ್ರಕ್ಕೆ ಬೀಳುತ್ತದೆ. ಅರ್ಕಾವತಿಯಾದರೋ ದೊಡ್ಡಬಳ್ಳಾಪುರ, ಹೆಸರಘಟ್ಟಗಳ ಮೂಲಕ ತಿಪ್ಪಗೊಂಡನಹಳ್ಳಿಗೆ ಬರುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟದಲ್ಲಿ ಹುಟ್ಟಿದ ಕುಮುದ್ವತಿ ಅಲ್ಲಿ ಅದನ್ನು ಕೂಡುತ್ತದೆ. ಮುಂದೆ ರಾಮನಗರವನ್ನು ದಾಟಿ, ಬೆಂಗಳೂರಿನಿಂದ ಬರುವ ವೃಷಭಾವತಿಯನ್ನೂ ಸೇರಿಸಿಕೊಂಡು, ಕನಕಪುರವನ್ನು ಹಾದು, ಸಂಗಮದಲ್ಲಿ ಕಾವೇರಿಯೊಡನೆ ಒಂದಾಗುತ್ತದೆ.

ಬ್ರಹ್ಮಪುತ್ರೆಯ ಜಡೆಯನ್ನು ಪ್ರಕೃತಿ ಹೆಣೆಯಿತು. ನಮ್ಮ ನದಿಯನ್ನು ಹೆಣೆದವರು ಊರವರು. ಹಳ್ಳಹಳ್ಳಕ್ಕೂ ಏರಿ ಕಟ್ಟಿ, ಒಂದು ಕೆರೆಯ ಕೋಡಿನೀರು ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಬೀಳುವಂತೆ ಮಾಡಿದರು. ನೀರುಗಂಟಿಯು ತೂಬೆತ್ತಿ, ಮಡೆ ತಿರುಗಿಸಿ, ಕೊನೆಯ ಗದ್ದೆಗೂ ನೀರು ಮುಟ್ಟಿಸುತ್ತಿದ್ದನು. ಸುಗ್ಗಿಯಲ್ಲಿ ಕಣದ ಬಳಿ ಅವನ ಪಾಲಿನ ಕಾಳು ಅವನಿಗೆ ಸಲ್ಲುತ್ತಿತ್ತು. ಬೇಸಿಗೆಯಲ್ಲಿ ಬತ್ತಿದ ಅಂಗಳದ ಗೋಡುಮಣ್ಣು ಹೊಲಕ್ಕೆ ಗೊಬ್ಬರ. ದನಕ್ಕೆ ನೀರು, ಮಡಿವಾಳರಿಗೆ ಕಸುಬು, ಕುಂಬಾರರಿಗೆ ಜೇಡಿ, ಎಲ್ಲವೂ ಅಲ್ಲಿಯೇ.

ಬೆಂಗಳೂರು ನಗರವೂ ಈ ನದಿಯ ಋಣದಲ್ಲಿದೆ. ೧೮೯೬ರಲ್ಲಿ ಹೆಸರಘಟ್ಟದಿಂದಲೂ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದಲೂ ನಗರಕ್ಕೆ ನೀರು ಹರಿಯಿತು. ೧೯೭೪ರಲ್ಲಿ ಕಾವೇರಿಯ ನೀರು ಬಂದ ಮೇಲೆ ನಗರವು ಅರ್ಕಾವತಿಯನ್ನು ಕ್ರಮೇಣ ಮರೆಯಿತು.

ಹಾಗಾದರೆ ನದಿ ಬತ್ತಿದ್ದೇಕೆ? ಮಳೆ ಹೋಯಿತೆಂದು ಹೇಳುವವರುಂಟು. ಆದರೆ ೨೦೧೫ರಲ್ಲಿ ಪ್ರಕಟವಾದ ಅರ್ಕಾವತಿಯ ಅಧ್ಯಯನವೊಂದು, ಮಳೆ ಕಡಿಮೆಯಾದದ್ದು ಕಾರಣವಲ್ಲವೆಂದೂ, ಅಂತರ್ಜಲವನ್ನು ಮೇಲೆತ್ತಿದ್ದು ಹಾಗೂ ನೀಲಗಿರಿ ತೋಪುಗಳು ಮುಖ್ಯ ಕಾರಣಗಳಿರಬಹುದೆಂದೂ ತೋರಿಸಿತು. ಇದರ ಮರ್ಮ ಸರಳ. ಹಿಂದೆ ಅಂತರ್ಜಲ ಮೇಲಿದ್ದಾಗ ಹಳ್ಳದ ಪಾತ್ರದಲ್ಲಿಯೇ ಊಟೆ ಒಸರುತ್ತಿತ್ತು. ಕೊಳವೆಬಾವಿಗಳು ಆಳಕ್ಕಿಳಿದಂತೆ ಆ ಒಸರು ನಿಂತಿತು. ಬಿದ್ದ ಮಳೆಯನ್ನೂ ಒಣಗಿದ ನೆಲವೇ ಹೀರಿಕೊಂಡಿತು. ನೀಲಗಿರಿಯ ಬೇರು ಆಳದ ತೇವವನ್ನೂ ಬಿಡಲಿಲ್ಲ. ೨೦೧೭ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಕೆರೆ ಬತ್ತಿದ ಮೇಲೆ ನೀರುಗಂಟಿಗೆ ಕೆಲಸವೆಲ್ಲಿ? ನಮ್ಮ ತಂದೆ ದೊಡ್ಡಬಳ್ಳಾಪುರದ ಮಗ್ಗಕ್ಕೆ ಹೋದರು. ಆ ಕೂಲಿಯಲ್ಲಿ ನಾನು ಓದುತ್ತಿದ್ದೇನೆ. ನಮ್ಮ ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದರೆ ತಾತನಿಗೆ ಕಣ್ಣುಮುಚ್ಚಿಯೂ ಗೊತ್ತಿದ್ದ ಕಾಲುವೆಯ ದಾರಿ ನನಗೆ ಗೊತ್ತಿರಲಿಲ್ಲ.

೨೦೨೨ರ ದೊಡ್ಡ ಮಳೆಯಲ್ಲಿ ನಮ್ಮ ಕೆರೆ ಕೋಡಿ ಬಿದ್ದಿತು. ಅಜ್ಜಿ ಬಾಗಿನ ಬಿಟ್ಟರು. ತಾತ ಮಾತ್ರ ನೀರಿನ ಹಿಂದೆಯೇ ನಡೆದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಕಾಲುವೆ ಮುಚ್ಚಿ ಸೈಟು ಮಾಡಿದ್ದರು. ನೀರು ದಾರಿ ತಪ್ಪಿ ರಸ್ತೆಗೆ ನುಗ್ಗಿತ್ತು. “ನೀರಿಗೆ ದಾರಿ ನೆನಪಿದೆ, ನಮಗೇ ಮರೆತಿದೆ” ಎಂದರು ತಾತ.

ಸಹಪಾಠಿಗಳಲ್ಲಿ ನನ್ನದೊಂದು ಬಿನ್ನಹ. ಈ ರಜೆಯಲ್ಲಿ ನಿಮ್ಮೂರ ಕೋಡಿನೀರು ಯಾವ ಕೆರೆಗೆ ಹೋಗುತ್ತದೆಂದು ಹಿರಿಯರನ್ನು ಕೇಳಿ, ಜೊತೆಗೆ ನಡೆದು, ಬರೆದಿಡಿರಿ. ಕಾಲುವೆ ಇತ್ತೆಂದು ತಿಳಿದವರು ಯಾರೂ ಉಳಿಯದಿದ್ದರೆ, ಅದನ್ನು ಮುಚ್ಚುವಾಗ ಬೇಡವೆನ್ನುವವರೂ ಇರುವುದಿಲ್ಲ. ನಮ್ಮೂರಿನ ಪಟ್ಟಿಯನ್ನು ನಾನು ತಾತನೊಡನೆ ಆರಂಭಿಸಿದ್ದೇನೆ. ಈವರೆಗೆ ನಾಲ್ಕು ಕೆರೆಗಳಾಗಿವೆ.