ಮುದ್ದೆ ಮುರಿಯೋ ಮುಂಚೆ

ಬರಗೂರಿಂದ ಶಿರಾಕ್ಕೆ ಬಂದ್ರಿ.
ಹೋಟೆಲ್‌ನಲ್ಲಿ ಕೈ ತೊಳೆದು ಕೂತ್ರಿ.
ಮುದ್ದೆ ಬರೋವರೆಗೂ ಏನ್ ಮಾಡಿದ್ರಿ?

ಮೊಬೈಲ್ ನೋಡಿದ್ರಿ, ಅಲ್ವಾ?

ಬಸ್ಸಿನ ಕಂಬಿ, ಚಿಲ್ಲರೆ, ನೋಟು...
ಅದೆಲ್ಲಾ ಮುಟ್ಟಿದ ಕೈಯಲ್ಲೇ ಹಿಡಿದಿದ್ದ ಫೋನು!
ಸ್ನಾನ ಮಾಡಿ, ಬಿಚ್ಚಿಟ್ಟ ಬಟ್ಟೆನೇ ಮತ್ತೆ ಹಾಕ್ಕೊಂಡ ಹಾಗಾಯ್ತು.

ಚಮಚದಲ್ಲಿ ತಿನ್ನೋರಿಗೆ ಹೇಗೋ ನಡೆಯುತ್ತೆ.
ನಮ್ಮದು ಮುದ್ದೆ ಕಣ್ರೀ!
ಬೆರಳಲ್ಲೇ ಮುರಿದು,
ಸಾರಲ್ಲಿ ಹೊರಳಿಸಿ,
ನುಂಗೋದು.

ಅದಕ್ಕೇ,
ಆರ್ಡರ್ ಮೊದಲು, ಕೈ ತೊಳೆಯೋದು ಆಮೇಲೆ.
ಸೋಪು ಹಾಕಿ 20 ಸೆಕೆಂಡ್ ಉಜ್ಜಿ.
ಉಗುರಿನ ಸಂದೀನೂ.

ಸ್ಯಾನಿಟೈಸರ್?
ಜಿಡ್ಡು, ಮಣ್ಣು ಮೆತ್ತಿದ ಕೈಗೆ ಅದು ಸಾಲಲ್ಲ.
ವಾಂತಿ-ಭೇದಿ ತರೋ ನೊರೊವೈರಸ್‌ಗೂ ಸೋಪು-ನೀರೇ ಸರಿ.

ಕೈ ಆಯ್ತು, ಇನ್ನು ನೀರು.
ಪಾವಗಡದ ಕಡೆ ಹೋಗೋದಾದ್ರೆ ಕುಡಿಯೋ ನೀರು ಮನೆಯಿಂದಲೇ ಒಯ್ಯಿರಿ.
ಅಲ್ಲಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ.
ಕುದಿಸಿದ್ರೆ ರೋಗಾಣು ಸಾಯುತ್ತೆ,
ಫ್ಲೋರೈಡ್ ಹೋಗಲ್ಲ.