ಕಾಶಿಗೆ ಹೊರಟ ಹಳೆಯ ಮನೆಗಾಡಿ

ಹಳೆಯ ಕ್ಯಾಂಪರ್ ವ್ಯಾನ್ ಕೊಂಡು ಊರೂರು ಸುತ್ತುವ ಆಸೆ ನಿಮ್ಮಲ್ಲಿ ಹಲವರಿಗೆ ಇರಬಹುದು. ಇದೇನೂ ಹೊಸ ಹುಚ್ಚಲ್ಲ. 1960–70ರ ದಶಕಗಳಲ್ಲಿ ಪಶ್ಚಿಮದ ತರುಣರು ಫೋಕ್ಸ್‌ವ್ಯಾಗನ್ ವ್ಯಾನಿನಲ್ಲೇ ಹಾಸಿಗೆ, ಒಲೆ ಹೂಡಿಕೊಂಡು ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಕಾಶಿಯವರೆಗೂ ಬರುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಮೇಲೆ ಆ ದಾರಿ ಮುಚ್ಚಿತು.

ಆ ವ್ಯಾನಿನ ಎಂಜಿನ್ ಹಿಂಭಾಗದಲ್ಲಿದ್ದು, ಗಾಳಿಯಿಂದ ತಣಿಯುವಂಥದು, ರೇಡಿಯೇಟರ್ ಇಲ್ಲ. ಶಾಖ ತಗ್ಗಿಸಲು ಎಣ್ಣೆಯೂ ನೆರವಾಗುವುದರಿಂದ ದಿನವೂ ಬೆಳಿಗ್ಗೆ ಅದರ ಮಟ್ಟ ನೋಡಬೇಕು. ಬಣ್ಣ, ಪರದೆಗಳ ಚಂದ ಆಮೇಲೆ. ಮೊದಲು ಪೆಟ್ರೋಲಿನ ಹಳೆಯ ರಬ್ಬರ್ ಕೊಳವೆ ಬದಲಿಸಿ. ಅದು ಬಿರಿದು ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕಿದರೆ ಗಾಡಿಯೇ ಹೊತ್ತಿ ಉರಿದೀತು. ಟೈರು ಸವೆಯದಿದ್ದರೂ ಮುದಿಯಾಗುತ್ತದೆ. ಅದರ ಬದಿಯ ‘ಡಾಟ್’ ಸಂಕೇತದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ, ವರ್ಷ ಹೇಳುತ್ತವೆ. ಚಳಿಯೆಂದು ಕಿಟಕಿ ಮುಚ್ಚಿ, ಒಲೆ ಉರಿಸಿ ಮಲಗಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.

ಇಷ್ಟೆಲ್ಲ ಮಾಡಿ ಕಾಶಿ ಮುಟ್ಟಿದರೂ ವಿಶ್ವನಾಥ ಗಲ್ಲಿಯೊಳಗೆ ನಿಮ್ಮ ಮನೆಗಾಡಿ ಬರದು. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಕಾರಿಡಾರ್ ದೇವಸ್ಥಾನದಿಂದ ಗಂಗೆಯವರೆಗೆ ಜಾಗ ಬಿಡಿಸಿದೆ, ನಿಜ. ಬಳೆ, ಕುಂಕುಮ, ಹಿತ್ತಾಳೆ ಅಂಗಡಿಗಳ ಈ ಇಕ್ಕಟ್ಟಿನ ಗಲ್ಲಿಗೆ ಮಾತ್ರ ಕಾಲೇ ವಾಹನ. ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಗೋದೌಲಿಯಾದಿಂದ ನಡೆಯಿರಿ. ಹತ್ತಿರದ ಜಂಗಮವಾಡಿ ಮಠಕ್ಕೂ ಹೋಗಿಬನ್ನಿ. ಕರ್ನಾಟಕದ ಯಾತ್ರಿಕರು ತಂಗುವ ಜಾಗ, ಕನ್ನಡ ಕಿವಿಗೆ ಬೀಳುತ್ತದೆ.

ಹಿಂದೆ ಕಾಶಿಗೆ ಹೊರಟವರನ್ನು ಮರಳುವ ಭರವಸೆಯಿಲ್ಲದೆ ಬೀಳ್ಕೊಡುತ್ತಿದ್ದರು. ನಮ್ಮಂಥ ತಾಯಂದಿರಿಗೆ ಅಷ್ಟು ಧೈರ್ಯವಿಲ್ಲ. ಗಂಗಾಜಲ ತರದಿದ್ದರೂ ಚಿಂತೆಯಿಲ್ಲ, ಕೊಳವೆ ನೋಡಿಕೊಂಡು ಹೊರಡಿ.